ಬೆಳ್ಳಿ ತಂತಿ ಮ್ಯಾಲ ಲೇಸರ್: ಇಸಿ-ಸರ್ಸ್ ಮಾಡಾಕ ಹೊಂಟಾವ್ರಿಗೆ ನನ್ನ ಅನುಭವ

ಕಡೀ ಸೆಟ್ ಡೇಟಾ ಮುಗಿಸಿ ಊರಿಗೆ ಬಂದು ಇನ್ನೂ ಬ್ಯಾಗ್ ಪೂರ್ತಿ ಖಾಲಿ ಮಾಡಿಲ್ಲ, ಮರ್ತು ಹೋಗೂಕಿಂತ ಮೊದ್ಲ ಎಲ್ಲಾ ಬರದಿಡೂಣು ಅಂತ ಕುಂತೇನಿ. ಇಸಿ-ಸರ್ಸ್ (ಎಲೆಕ್ಟ್ರೊಕೆಮಿಕಲ್ ಸರ್ಫೇಸ್-ಎನ್‌ಹಾನ್ಸ್ಡ್ ರಾಮನ್ ಸ್ಪೆಕ್ಟ್ರೋಸ್ಕೋಪಿ, ಅಂದ್ರ ವೋಲ್ಟೇಜ್ ಹಚ್ಚಿದ ಲೋಹದ ಮ್ಯಾಲ ಕುಂತ ಅಣುವನ್ನ ಲೇಸರ್ ಬೆಳಕಿಲೆ ಗುರುತಿಸೂದು) ಅಂತ ಹುಡುಕಿದ್ರ ಪೇಪರ್ ರಾಶಿ ಸಿಗ್ತಾವ, ಆದ್ರ ಸೆಲ್ (ದ್ರಾವಣ, ಎಲೆಕ್ಟ್ರೋಡ್ ಇರೂ ಸಣ್ಣ ಪಾತ್ರಿ) ಎಲ್ಲಿ ಮಾಡ್ಸೂದು, ಯಾವ್ಯಾವ ಕಾಗದಾ ಬೇಕು, ಆಪರೇಟರ್ ಮುಂದ ಹೋಗಿ ಏನ್ ಮಾತಾಡೂದು ಅನ್ನೂದು ಯಾವ ಪೇಪರ್‌ನಾಗೂ ಇರಂಗಿಲ್ಲ. ನಂದು ಗದಗ, ಪಿಎಚ್‌ಡಿ ಧಾರವಾಡದಾಗ, ವಿಷಯ ಎಲೆಕ್ಟ್ರೊಕೆಮಿಸ್ಟ್ರಿ. ರಾಮನ್ ಅಂದ್ರ ಫೆಬ್ರವರಿ 28ಕ್ಕ ಸೈನ್ಸ್ ಡೇ ಭಾಷಣದಾಗ ಕೇಳಿದ್ದು ಬಿಟ್ರ ಆ ಮಶೀನ್ ಕೈಲೆ ಮುಟ್ಟಿದ್ದಿಲ್ಲ.

ಯಾಕ ಇದರ ಹಿಂದ ಬಿದ್ದೆ ಅಂದ್ರ, ಸೈಕ್ಲಿಕ್ ವೋಲ್ಟಾಮೆಟ್ರಿ (ವೋಲ್ಟೇಜ್ ಏರಿಸಿ ಇಳಿಸಿ ಕರೆಂಟ್ ಅಳಿಯೂದು) ಮಾಡೀರಿ ಅಂತ ತಿಳ್ಕೋರಿ, ಪೀಕ್ ಬಂತು, ಇಷ್ಟು ಕರೆಂಟ್ ಹರೀತು, ಇಷ್ಟು ಎಲೆಕ್ಟ್ರಾನ್ ಹೋತು ಅಂತ ಲೆಕ್ಕ ಸಿಗ್ತೈತಿ. ಆದ್ರ ಎಲೆಕ್ಟ್ರೋಡ್ ಮ್ಯಾಲ ಆ ಹೊತ್ತಿಗೆ ಯಾವ ಅಣು ಕುಂತಿತ್ತು, ಅದು ಏನಾಗಿ ಬದಲಾತು ಅನ್ನೂದನ್ನ ಕರೆಂಟ್ ಹೇಳಂಗಿಲ್ಲ. ಸಿನಾಪ್ಸಿಸ್ ಮೊದಲಿನ ಕೊಲೋಕಿಯಂನಾಗ ಒಬ್ರು ಎಕ್ಸ್‌ಪರ್ಟ್ ಅದನ್ನ ಕೇಳಿದ್ರು, "ಇಂಟರ್ಮೀಡಿಯೇಟ್ (ರಿಯಾಕ್ಷನ್ ನಡುವ ಹುಟ್ಟೂ ಅಣು) ಇದ ಅಂತ ಹೆಂಗ ಹೇಳ್ತೀರಿ, ಪ್ರೂಫ್ ಏನೈತಿ?" ನಮ್ಮ ಸರ್ ನನ್ನ ಮಾರಿ ನೋಡಿದ್ರು, ನಾ ಸ್ಕ್ರೀನ್ ನೋಡಿದೆ. ಹೊರಗ ಬಂದ ಮ್ಯಾಲ ಸರ್ ಅಂದ್ರು, "ಏನ್ ಮಾಡೂದವಾ, ರಾಮನ್ ಮಾಡಬೇಕಾಗ್ತೈತಿ. ಅದೂ ಪೊಟೆನ್ಶಿಯಲ್ ಹಚ್ಚಿದಾಗನ, ಅಲ್ಲೇ." ಪೊಟೆನ್ಶಿಯಲ್ ಅಂದ್ರ ಎಲೆಕ್ಟ್ರೋಡ್‌ಗೆ ಹಚ್ಚೂ ವೋಲ್ಟೇಜ್.

ರಾಮನ್ ಸಿಗ್ನಲ್ ಅಂದ್ರ ಭಾಳ ಬಡಪಾಯಿ, ಒಂದು ಕೋಟಿ ಫೋಟಾನ್ ಬಡದ್ರ ಒಂದರ ಹಂಗ ಬಣ್ಣ ಬದಲಿಸಿ ಹೊಳ್ಳಿ ಬರ್ತೈತಿ. ಎಲೆಕ್ಟ್ರೋಡ್ ಮ್ಯಾಲ ಇರೂದು ಒಂದ ಪದರ ಅಣು, ಅದರಾಗ ಏನ್ ಕಾಣ್ತೈತಿ? ಕಾಣೂದು ಬೆಳ್ಳಿ ತರಕಲು (ಒರಟು) ಇದ್ದಾಗ. ಇದರ ಕತಿ ಮಜಾ ಐತಿ, ಸರ್ಸ್ ಅನ್ನೂದು ಹುಟ್ಟಿದ್ದ ಎಲೆಕ್ಟ್ರೊಕೆಮಿಸ್ಟ್ರಿ ಸೆಲ್ ಒಳಗ. 1974ರಾಗ ಇಂಗ್ಲೆಂಡಿನ ಸೌತಾಂಪ್ಟನ್‌ನಾಗ ಫ್ಲೈಶ್‌ಮನ್, ಹೆಂಡ್ರಾ, ಮೆಕ್‌ಕ್ವಿಲನ್ ಮೂರು ಮಂದಿ ಬೆಳ್ಳಿ ಎಲೆಕ್ಟ್ರೋಡನ್ನ ತರಕಲು ಮಾಡಿ ಮ್ಯಾಲ ಪಿರಿಡೀನ್ ಹಾಕಿ ನೋಡಿದ್ರು, ಸಿಗ್ನಲ್ ದೊಡ್ಡದು ಬಂತು, ಜಾಗ ಜಾಸ್ತಿ ಆತು ಅದಕ್ಕ ಅಣು ಜಾಸ್ತಿ ಕುಂತಾವ ಅಂತ ತಿಳ್ಕೊಂಡ್ರು. 1977ರಾಗ ಜೀನ್‌ಮೇರ್ ಮತ್ತ ವ್ಯಾನ್ ಡೈನ್ ಅಮೆರಿಕಾದಾಗ, ಆಲ್ಬ್ರೆಕ್ಟ್ ಮತ್ತ ಕ್ರೈಟನ್ ಇಂಗ್ಲೆಂಡಿನಾಗ, ಬ್ಯಾರೆ ಬ್ಯಾರೆ ಲೆಕ್ಕ ಹಾಕಿ ತೋರಿಸಿದ್ರು, ಬರೇ ಜಾಗದ ಮಾತಲ್ಲ ಇದು, ಒಂದೊಂದು ಅಣುವಿನ ಸಿಗ್ನಲ್ಲ ಲಕ್ಷದಿಂದ ಹತ್ತು ಲಕ್ಷ ಪಟ್ಟು ಬೆಳದೈತಿ ಅಂತ. ಮತ್ತ ಆ ಬೆಳೆಯೂದು ಲೋಹದಿಂದ ಕೆಲವ ನ್ಯಾನೊಮೀಟರ್ ತನಕ ಅಷ್ಟ, ಅದಕ್ಕ ದ್ರಾವಣದಾಗಿನ ಗದ್ದಲ ಬಿಟ್ಟು ಮೇಲ್ಮೈ ಮ್ಯಾಲಿನ ಅಣು ಮಾತ್ರ ಕಾಣ್ತಾವ. ನೀರಿಗೆ ರಾಮನ್ ಸಿಗ್ನಲ್ ಕಮ್ಮಿ, ಅದೂ ನಮಗ ಅನುಕೂಲ, ಐಆರ್‌ನಾಗ (ಇನ್‌ಫ್ರಾರೆಡ್ ಬೆಳಕಿನ ಪರೀಕ್ಷೆದಾಗ) ಆದ್ರ ನೀರ ಎಲ್ಲಾ ನುಂಗಿ ಹಾಕ್ತೈತಿ.

ಓದಿದ್ದು ಇಷ್ಟು ಚಲೋ ಇತ್ತು. ಮುಂದ ಮಶೀನ್ ಹುಡುಕೂದು. ನಮ್ಮಲ್ಲಿ ಪೊಟೆನ್ಶಿಯೊಸ್ಟಾಟ್ (ಪೊಟೆನ್ಶಿಯಲ್ ಕೊಟ್ಟು ಕರೆಂಟ್ ಅಳಿಯೂ ಮಶೀನ್) ಐತಿ, ಮೈಕ್ರೋಸ್ಕೋಪ್ ಇರೂ ರಾಮನ್ ಇಲ್ಲ. ಐ-ಸ್ಟೆಮ್ ಅಂತ ಕೇಂದ್ರ ಸರ್ಕಾರದ ಪೋರ್ಟಲ್ ಐತಿ, ದೇಶದಾಗ ಯಾವ ಮಶೀನ್ ಎಲ್ಲೈತಿ ಅಂತ ಅದರಾಗ ಸಿಗ್ತೈತಿ, ಅಲ್ಲಿಂದನ ಸ್ಲಾಟ್ ಕೇಳಬಹುದು. ಪ್ರತಿಯೊಂದು ಸೆಂಟರ್‌ಗೂ ಫೋನ್ ಹಚ್ಚಿ ಕೇಳಿದೆ, ಮೊದಲನೇ ಮಾತಿಗೆ ಎಲ್ಲಾರೂ ಹೂಂ ಅಂದ್ರು, "ಸ್ಯಾಂಪಲ್ ಪೌಡರ್ ಏನ್ರಿ, ಫಿಲ್ಮ್ ಏನ್ರಿ?" ಅಂದ್ರು, "ಲಿಕ್ವಿಡ್ ಸೆಲ್ ರೀ, ವೈರ್ ಬರ್ತಾವ" ಅಂದ ಕೂಡ್ಲೆ ಗಪ್ಪ ಆದ್ರು. ಕಡೀಕ ಬೆಂಗಳೂರಿನಾಗ ಒಂದ್ ಕಡೆ ಒಪ್ಪಿದ್ರು. ಹೆಸರು ಬ್ಯಾಡ, ಯಾಕಂದ್ರ ಮುಂದ ಸ್ವಲ್ಪ ಬೈಯೂದೈತಿ.

ಕಾಗದಪತ್ರದ ಪಟ್ಟಿ ಬೇಕಾದವ್ರು ಇದನ್ನ ಓದ್ರಿ, ಬ್ಯಾಡಾದವ್ರು ಮುಂದ ಹೋಗ್ರಿ. ರಿಕ್ವಿಸಿಷನ್ ಫಾರ್ಮ್ ಮ್ಯಾಲ ಗೈಡ್ ಸಹಿ, ಎಚ್‌ಓಡಿ ಸಹಿ, ಸಿಕ್ಕಾ. ಹಾಕೂ ಒಂದೊಂದು ಕೆಮಿಕಲ್‌ಗೂ ಸೇಫ್ಟಿ ಶೀಟ್, ಉಪ್ಪಿಗೂ ಸೈತ ಬೇಕು, ನಗಬ್ಯಾಡ್ರಿ, ಪೊಟ್ಯಾಸಿಯಂ ಕ್ಲೋರೈಡಿಗೆ ಶೀಟ್ ಇಲ್ಲ ಅಂತ ನನ್ನ ಫಾರ್ಮ್ ಹೊಳ್ಳಿ ಬಂದಿತ್ತು. ಐಡಿ ಕಾರ್ಡ್ ಝೆರಾಕ್ಸ್, ಪೇಮೆಂಟ್ ರಸೀದಿ, ಮತ್ತ ಪೊಟೆನ್ಶಿಯೊಸ್ಟಾಟ್ ಕ್ಯಾಂಪಸ್ ಹೊರಗ ಒಯ್ಯಾಕ ಗೇಟ್ ಪಾಸ್. ಇದರ ಜೋಡಿ ಎಚ್‌ಓಡಿ ಕಡೆಯಿಂದ ಲೆಟರ್‌ಹೆಡ್ ಮ್ಯಾಲ ಒಂದು ಪತ್ರ ಬರಿಸ್ಕೋರಿ, "ಈ ಉಪಕರಣ ಸಂಶೋಧನೆ ಸಲುವಾಗಿ ಒಯ್ಯಾಕತ್ತಾರ" ಅಂತ. ಸ್ಟೇಷನ್ ಸ್ಕ್ಯಾನರ್‌ನಾಗ ನನ್ನ ಬ್ಯಾಗ್ ಹೋದಾಗ ವೈರ್, ಪೆಟ್ಟಿಗಿ, ಮೊಸಳಿ ಕ್ಲಿಪ್ ಎಲ್ಲಾ ನೋಡಿ ಪೊಲೀಸ್‌ನವ್ರು ಬಾಜೂಕ ಕರದಿದ್ರು, ಆ ಪತ್ರ ಇದ್ದದ್ದಕ್ಕ ರಾಣಿ ಚೆನ್ನಮ್ಮಾ ತಪ್ಪಲಿಲ್ಲ. ಆಸಿಡ್, ಆಲ್ಕೋಹಾಲ್ ತೊಗೊಂಡು ಟ್ರೇನ್ ಹತ್ತಬ್ಯಾಡ್ರಿ, ಒಣ ಉಪ್ಪು ಸೀಸೆದಾಗ ತೂಗಿ ಒಯ್ರಿ, ದ್ರಾವಣ ಅಲ್ಲೇ ಮಾಡ್ಕೋರಿ. ಇನ್ನ ಖರೀದಿ ಇದ್ರ, ಜೆಮ್ ಅನ್ನೂ ಸರ್ಕಾರಿ ಖರೀದಿ ಪೋರ್ಟಲ್‌ನಾಗ ಆ ಸಾಮಾನು ಸಿಗಂಗಿಲ್ಲ ಅನ್ನೂ ರಿಪೋರ್ಟ್ ತಗದು ಇಟ್ಟ ಕೊಟೇಶನ್ ಹಚ್ರಿ, ಇಲ್ಲಂದ್ರ ಫೈಲ್ ಅಲ್ಲೇ ಮಲಗ್ತೈತಿ.

ರೊಕ್ಕದ ಮಾತು ಬಂತಂದ್ರ, ರೆಡಿಮೇಡ್ ಬೆಳ್ಳಿ ಡಿಸ್ಕ್ ಎಲೆಕ್ಟ್ರೋಡ್‌ಗೆ 10-15 ಸಾವಿರದ ಮ್ಯಾಲ ಕೊಟೇಶನ್ ಬಂತು, ಕಿಟಕಿ ಇರೂ ಸ್ಪೆಕ್ಟ್ರೊ-ಸೆಲ್‌ದು ಕೇಳಲೇ ಬ್ಯಾಡ್ರಿ. ಫೆಲೋಶಿಪ್ ಆವಾಗ ತಿಂಗಳುಗಟ್ಲೆ ಬಾಕಿ. ಡಿಸ್ಕ್ ಒಂದು ತರಿಸಿದ್ವಿ, ಸೆಲ್ ಮಾತ್ರ ಹುಬ್ಬಳ್ಳಿ ಗೋಕುಲ ರೋಡ್ ಇಂಡಸ್ಟ್ರಿಯಲ್ ಎಸ್ಟೇಟಿನಾಗ ಲೇತ್ ಇರೂ ಒಬ್ರ ಕಡೆ ಟೆಫ್ಲಾನ್ ಗಟ್ಟಿ ಒಯ್ದು ಕೊಟ್ಟು ಮಾಡಿಸಿದ್ವಿ. ಒಂದು ತಟ್ಟಿ ಹಂಗ ತಗ್ಗು, ತಳದಿಂದ ಎಲೆಕ್ಟ್ರೋಡ್ ತೂರಿಸಾಕ ತೂತು, ಓ-ರಿಂಗ್, ಮ್ಯಾಲ ತೆಳ್ಳನ ಕ್ವಾರ್ಟ್ಜ್ ಕಿಟಕಿ. ಕಿಟಕಿ ದಪ್ಪ ಆದ್ರ ಲೆನ್ಸ್ ಫೋಕಸ್ ಆಗಂಗಿಲ್ಲ, ಅದಕ್ಕ ಮೊದ್ಲ ಸೆಂಟರ್‌ಗೆ ಫೋನ್ ಮಾಡಿ ಆಬ್ಜೆಕ್ಟಿವ್‌ನ (ಮೈಕ್ರೋಸ್ಕೋಪ್‌ನ ಕೆಳಗಿನ ಲೆನ್ಸ್) ವರ್ಕಿಂಗ್ ಡಿಸ್ಟನ್ಸ್, ಅಂದ್ರ ಲೆನ್ಸ್‌ನಿಂದ ಸ್ಯಾಂಪಲ್ ತನಕದ ಅಂತರ, ಎಷ್ಟೈತಿ ಕೇಳಿ ಆಮ್ಯಾಲೆ ಲೇತ್ ಕಡೆ ಹೋಗ್ರಿ. ಲಾಂಗ್ ವರ್ಕಿಂಗ್ ಡಿಸ್ಟನ್ಸ್ 50ಎಕ್ಸ್ ಇದ್ರ ಜೀವ ನಿರಾಳ.

ಈಗ ಮೊದಲನೇ ಸ್ಲಾಟ್. ಮುಂಜಾನೆ ಒಂಬತ್ತಕ್ಕ ಸೆಂಟರ್ ಮುಂದ ಹಾಜರ್. ಆಪರೇಟರ್ ಸರ್ ಬಂದ್ರು, ಸೆಲ್ ನೋಡಿದ್ರು, "ಇದರಾಗ ನೀರು ಹಾಕ್ತೀರೇನು?" ಅಂದ್ರು. ಹೌದ್ ಸರ್ ಅಂದೆ. "ಆಗಲ್ಲಮ್ಮ. ಈ ಆಬ್ಜೆಕ್ಟಿವ್ ರೇಟ್ ಗೊತ್ತಾ? ಉಪ್ಪು ನೀರು ಒಂದು ಹನಿ ಬಿದ್ರೆ ನಾನು ಉತ್ತರ ಕೊಡ್ಬೇಕು." ಫಾರ್ಮ್‌ನಾಗ ಲಿಕ್ವಿಡ್ ಸೆಲ್ ಅಂತ ಬರದು, ಫೋನ್‌ನಾಗ ಹೇಳಿ, ರೊಕ್ಕ ಕಟ್ಟಿ ಬಂದ ಮ್ಯಾಲ ಈ ಮಾತು. ಸಿಟ್ಟು ಬಂತು, ಅಳೂನೂ ಬಂತು, ಖರೇ ಹೇಳ್ತೀನಿ. ಆದ್ರ ಅವರ ಕಡೆ ನಿಂತು ನೋಡಿದ್ರ ಅವರದೂ ಸುಳ್ಳಲ್ಲ, ಮಶೀನ್ ಕೆಟ್ರ ಪಗಾರದಾಗ ಹಿಡ್ಯಾವ್ರು ಅವರನ್ನ. ಕಡೀಕ ಮಾತಾಡ್ತ ಮಾತಾಡ್ತ ಒಂದು ದಾರಿ ಆತು: ಸೆಲ್‌ನಾಗ ಬರೇ ಡಿಸ್ಟಿಲ್ಡ್ ನೀರು ತುಂಬಿ, ಕೆಳಗ ಸ್ಟೀಲ್ ತಾಟು, ತಾಟಿನಾಗ ಟಿಶ್ಯೂ ಪೇಪರ್, ಒಂದು ತಾಸು ಬಾಜೂಕಿನ ಟೇಬಲ್ ಮ್ಯಾಲ ಇಡೂದು. ಟಿಶ್ಯೂ ಒದ್ದಿ ಆಗಲಿಲ್ಲಂದ್ರ ಮೈಕ್ರೋಸ್ಕೋಪ್ ಕೆಳಗ ಇಡಾಕ ಬಿಡ್ತೀನಿ ಅಂದ್ರು. ಆ ಒಂದು ತಾಸು ನಾವಿಬ್ರೂ ಟಿಶ್ಯೂ ನೋಡ್ಕೊಂತ ಕುಂತಿದ್ವಿ. ಒದ್ದಿ ಆಗಲಿಲ್ಲ. ನೀವು ಹೋಗೂ ಮುಂದ ಈ ಸೋರಿಕಿ ಪರೀಕ್ಷೆ ನಿಮ್ಮ ಲ್ಯಾಬ್‌ನಾಗ ಮಾಡಿ, ಫೋಟೋ ಹೊಡದು, ಗೈಡ್ ಸಹಿ ಇರೂ ಅಂಡರ್‌ಟೇಕಿಂಗ್ ಜೋಡಿ ಒಯ್ರಿ, ಅರ್ಧಾ ದಿನ ಉಳೀತೈತಿ.

ಇನ್ನೊಂದು, ಬೆಳ್ಳಿಯನ್ನ ಮನ್ಯಾಗ ತರಕಲು ಮಾಡಿ ಒಯ್ಯೂದು ನಡಿಯಂಗಿಲ್ಲ, ಗಾಳಿಗೆ ತಾಸುಗಟ್ಲೆ ಇಟ್ರ ಸಿಗ್ನಲ್ ಬೀಳ್ತೈತಿ, ಅದಕ್ಕ ಪೊಟೆನ್ಶಿಯೊಸ್ಟಾಟ್ ನಿಮ್ಮ ಜೋಡಿ ಬರಲೇಬೇಕು. ಅಲ್ಯೂಮಿನಾ ಪುಡಿಲೆ 1, 0.3, 0.05 ಮೈಕ್ರಾನ್ ಹಿಂಗ ಇಳಕೊಂತ ತಿಕ್ಕಿ ಕನ್ನಡಿ ಹಂಗ ಮಾಡ್ರಿ, ಆಮ್ಯಾಲೆ 0.1 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡಿನಾಗ ಇಟ್ಟು ಮೈನಸ್ 0.3 ವೋಲ್ಟ್‌ನಿಂದ ಪ್ಲಸ್ 0.2ರ ಸುಮಾರು ಒಯ್ದು ಹೊಳ್ಳಿ ತರ್ರಿ. ಹೋಗೂ ಮುಂದ ಬೆಳ್ಳಿ ಕರಗಿ ಸಿಲ್ವರ್ ಕ್ಲೋರೈಡ್ ಆಗಿ ಮ್ಯಾಲ ಕೂಡ್ತೈತಿ, ಬರೂ ಮುಂದ ಅದ ಹೊಳ್ಳಿ ಬೆಳ್ಳಿ ಆಗ್ತೈತಿ, ಆದ್ರ ಮೊದಲಿನ ಹಂಗ ಸಪಾಟ ಕೂಡಂಗಿಲ್ಲ, ಗುಬುಟು ಗುಬುಟು ಆಗ್ತೈತಿ. ಕಣ್ಣ ಮುಂದ ಹೊಳಪು ಹೋಗಿ ಕೆನಿ ಬಣ್ಣ, ಆಮ್ಯಾಲೆ ತೆಳು ಕಂದು ಬರ್ತೈತಿ, ಕಪ್ಪ ಆತಂದ್ರ ಜಾಸ್ತಿ ಆತು, ಮತ್ತ ತಿಕ್ರಿ. ಪೊಟೆನ್ಶಿಯಲ್ ಮೈನಸ್ 1 ವೋಲ್ಟ್‌ನ ಆಚೆ ಒಯ್ಯಬ್ಯಾಡ್ರಿ, ಸಿಗ್ನಲ್ ಒಮ್ಮೆ ಹೋತಂದ್ರ ಹೊಳ್ಳಿ ಬರಂಗಿಲ್ಲ.

ಸಿಲಿಕಾನ್ ತುಂಡು ಇಟ್ಟು 520.5 cm⁻¹ಗೆ (ಪೀಕಿನ ಜಾಗದ ಅಳತಿ ಇದು, ಮುಂದಿನ ಪೀಕ್ ನಂಬರ್ ಎಲ್ಲಾ ಇದ ಲೆಕ್ಕದಾಗ) ಕ್ಯಾಲಿಬ್ರೇಟ್ ಮಾಡಿ, ಸೆಲ್ ಇಟ್ಟು ಫೋಕಸ್ ಮಾಡಿದಾಗ 240ರ ಆಸುಪಾಸಿನಾಗ ಒಂದು ದುಂಡನ ಪೀಕ್ ಎದ್ದು ನಿಂತಿತು. ಬೆಳ್ಳಿ-ಕ್ಲೋರೈಡ್ ಬಂಧದ್ದು. ಪೊಟೆನ್ಶಿಯಲ್ ಮೈನಸ್ ಕಡೆ ಒಯ್ದಂಗ ಪೀಕ್ ಇಳೀತು, ಕ್ಲೋರೈಡ್ ಬಿಟ್ಟು ಹೊಂಟೈತಿ ಅಂತ ಕಾಣ್ತು. ನನಗ ಅಣು ಪಣು ಹಾಕೂ ಮೊದಲ ಇಷ್ಟು ನೋಡಿದ್ದಕ್ಕ ಕೈ ನಡುಗಾಕತ್ತಿದ್ವು. ನೀವೂ ಮೊದ್ಲ ಈ ಪೀಕ್ ಹುಡುಕ್ರಿ. ಇದು ಪೊಟೆನ್ಶಿಯಲ್ ಜೋಡಿ ಕುಣೀತಂದ್ರ ನಿಮ್ಮ ಕನೆಕ್ಷನ್, ರೆಫರೆನ್ಸ್, ತರಕಲು, ಫೋಕಸ್ ನಾಲ್ಕೂ ಬರೋಬ್ಬರಿ ಅದಾವ ಅಂತ ಲೆಕ್ಕ.

ನಮ್ಮ ಅಸಲಿ ಅಣು 4-ನೈಟ್ರೊಥಯೋಫಿನಾಲ್. ಗಂಧಕದ ತುದಿ ಬೆಳ್ಳಿಗೆ ಅಂಟ್ಕೊಂತೈತಿ, ನೈಟ್ರೋ ತುದಿ ಮ್ಯಾಲ, ಎಲೆಕ್ಟ್ರಾನ್ ಕೊಟ್ರ ಅಮಿನೊ ಆಗ್ತೈತಿ. ನೈಟ್ರೋ ಪೀಕ್ 1335ರ ಕಡೆ. ಪೊಟೆನ್ಶಿಯಲ್ ಹಚ್ಚೂಕಿಂತ ಮೊದಲ, ಸುಮ್ನ ಲೇಸರ್ ಬಿಟ್ಟು ನೋಡ್ಕೊಂತ ಕುಂತಾಗನ, 1335 ಇಳದು 1140, 1390, 1440 ಕಡೆ ಹೊಸ ಪೀಕ್ ಏಳಾಕತ್ವು. ಇದು ಎಲೆಕ್ಟ್ರೋಡ್ ಮಾಡಿದ್ದಲ್ಲ, ಲೇಸರ್ ಮಾಡಿದ್ದು. ಬೆಳ್ಳಿ ಮ್ಯಾಲ ಬೆಳಕು ಬಿದ್ದ್ರ ಎರಡು ಅಣು ಕೂಡಿ ಡಿಎಮ್‌ಎಬಿ ಅನ್ನೂ ಅಜೋ ಸಂಯುಕ್ತ ಆಗ್ತೈತಿ. ಮಜಾ ಏನಂದ್ರ, ಅಮಿನೊಥಯೋಫಿನಾಲ್‌ನಾಗೂ ಇವ ಪೀಕ್ ಬರ್ತಾವ, ವರ್ಷಾನುಗಟ್ಲೆ ಮಂದಿ ಅವು ಆ ಅಣುವಿನ ಸ್ವಂತ ಪೀಕ್ ಅಂತನ ತಿಳ್ಕೊಂಡಿದ್ರು, 2010ರ ಸುಮಾರಿಗೆ ಅದು ಡಿಎಮ್‌ಎಬಿ ಅಂತ ಹೊರಗ ಬಂತು. ಅದಕ್ಕ ಹಳೇ ಪೇಪರ್ ನೋಡಿ ಪೀಕ್ ಹೆಸರು ಕೊಡೂ ಮುಂದ ಹುಷಾರ್. ಲೇಸರ್ ಪವರ್ ಸ್ಕ್ರೀನ್ ಮ್ಯಾಲ ತೋರ್ಸೂದು ಬ್ಯಾರೆ, ಸ್ಯಾಂಪಲ್ ಮ್ಯಾಲ ಬೀಳೂದು ಬ್ಯಾರೆ, ಪವರ್ ಮೀಟರ್ ಕೇಳಿ ತೊಗೊಂಡು ಅಳೀರಿ, ಅರ್ಧಾ ಮಿಲಿವ್ಯಾಟ್‌ಗಿಂತ ಕೆಳಗ ಇಡ್ರಿ. ಮತ್ತ ಒಂದ ಜಾಗಾದಾಗ ಪೊಟೆನ್ಶಿಯಲ್ ಇಲ್ಲದ ಪೂರ್ತಿ ಒಂದು ರನ್ ತೊಗೋರಿ. ಆ ಖಾಲಿ ರನ್ ಇಲ್ಲಂದ್ರ ನಿಮ್ಮ ಉಳದ ಡೇಟಾ ಯಾರೂ ನಂಬಂಗಿಲ್ಲ, ನಂಬಬಾರದು ಸೈತ.

ಪವರ್ ಇಳಿಸಿದ ಮ್ಯಾಲ ನೈಟ್ರೋ ಕತಿ ಒಂದು ಹಂತಕ್ಕ ಬಂತು, ಆದ್ರ ಅದು ಒಂದ ಸಲದ ಆಟ. ಅಮಿನೊ ಆತಂದ್ರ ಹೊಳ್ಳಿ ನೈಟ್ರೋ ಆಗಂಗಿಲ್ಲ, ಹೊಸ ಜಾಗಕ್ಕ ಹೋಗಬೇಕು. ಎಷ್ಟ್ ಲಗೂ ಆಗ್ತೈತಿ ಅಂತ ಮಿಲಿಸೆಕೆಂಡ್ ಲೆಕ್ಕದಾಗ ನೋಡಬೇಕಂದ್ರ ಒಂದ ಸಲ ಹೊಡದ ಸಿಗ್ನಲ್ ಸಾಲಂಗಿಲ್ಲ. ಸರ್ ಅಂದ್ರು, ಮೊದ್ಲ ಹೋಗಿ ಬಂದು ಮಾಡೂ ಅಣು ಹಿಡಿ, ನಮ್ಮ ಸೆಟಪ್ ಎಷ್ಟು ಲಗೂ ನೋಡಬಲ್ಲದು ಅಂತ ಅಳಿ, ಆಮ್ಯಾಲೆ ನೈಟ್ರೋಕ್ಕ ಬಾ. ಅದಕ್ಕ ನೈಲ್ ಬ್ಲೂ ಆರಿಸಿದ್ವಿ. ನೀಲಿ ಬಣ್ಣದ ಡೈ, ಎರಡು ಎಲೆಕ್ಟ್ರಾನ್ ತೊಗೊಂಡ್ರ ಬಣ್ಣ ಕಳ್ಕೊಂತೈತಿ, ಅವನ್ನ ಹೊಳ್ಳಿ ಕೊಟ್ರ ಮತ್ತ ನೀಲಿ. ಕೆಂಪು ಲೇಸರ್ ಅದರ ಬಣ್ಣಕ್ಕ ಸರಿಯಾಗಿ ಹೊಂದ್ತೈತಿ, ಅದಕ್ಕ 592ರ ಪೀಕ್ ಜೋರ ಬರ್ತೈತಿ, ಬಣ್ಣ ಹೋದ ಕೂಡ್ಲೆ ಪೀಕ್ ಕುಸೀತೈತಿ. ಎಲೆಕ್ಟ್ರೋಡನ್ನ ಡೈದಾಗ ಅದ್ದಿ ತಗದು ಚಂದಗೆ ತೊಳೀರಿ, ಸೆಲ್‌ನಾಗ ಡೈ ಇಲ್ಲದ ದ್ರಾವಣ ಹಾಕ್ರಿ, ಯಾಕಂದ್ರ ದ್ರಾವಣದಾಗ ತೇಲೂ ಡೈ ಫ್ಲೋರೆಸೆನ್ಸ್ ಕೊಟ್ಟು ಎಲ್ಲಾ ಮುಚ್ಚಿ ಬಿಡ್ತೈತಿ, ಬೆಳ್ಳಿಗೆ ಅಂಟಿದ್ದರ ಫ್ಲೋರೆಸೆನ್ಸನ್ನ ಬೆಳ್ಳಿನ ನುಂಗ್ತೈತಿ. ನೈಟ್ರೋಜನ್ ಬಿಡೂದು ಮರೀಬ್ಯಾಡ್ರಿ, ಆಕ್ಸಿಜನ್ ಇದ್ರ ಬಣ್ಣ ಹೋದ ಡೈಯನ್ನ ಅದ ಹೊಳ್ಳಿ ನೀಲಿ ಮಾಡಿ ಕುಂದರಸ್ತೈತಿ.

ಎರಡನೇ ಸ್ಲಾಟ್‌ಗೆ ಕಾಯ್ಕೊಂತ ಧಾರವಾಡದಾಗ ಕುಂತಾಗ ಮಳೆಗಾಲ. ಧಾರವಾಡದ ಮಳಿ ಹಿಡಿತಂದ್ರ ಗೊತ್ತಲ್ಲ, ಬಿಡೂದ ಇಲ್ಲ, ಲ್ಯಾಬ್ ಗ್ವಾಡಿ ಸೈತ ಹಸಿ. ದಿನಾ ಕರೆಂಟ್ ಹೋಗೂದು, ಯುಪಿಎಸ್ ಮ್ಯಾಲ ಓಡ್ಸಿದ್ರ ಕರ್ವ್ ತುಂಬ ಗುಂಯ್ ಗುಂಯ್ ನಾಯ್ಸ್. ಹುಬ್ಬಳ್ಳಿಂದ ಕಿಟಕಿಗೆ ಹಚ್ಚೂ ಅಲ್ಯೂಮಿನಿಯಂ ಜಾಳಿಗಿ ತಂದು ಪೆಟ್ಟಿಗಿ ಹಂಗ ಮಡಚಿ, ಪೊಟೆನ್ಶಿಯೊಸ್ಟಾಟ್‌ನ ಗ್ರೌಂಡ್‌ಗೆ ಕಟ್ಟಿ, ಒಳಗ ಸೆಲ್ ಇಟ್ವಿ. ಕೆಲವು ನೂರು ರೂಪಾಯಿದಾಗ ಫ್ಯಾರಡೆ ಕೇಜ್, ಹೊರಗಿನ ವಿದ್ಯುತ್ ಗದ್ದಲ ತಡಿಯೂ ಪಂಜರ. ಜೂನಿಯರ್ ಹುಡುಗ "ಅಕ್ಕಾ, ಕೋಳಿ ಸಾಕ್ತೀಯೇನು?" ಅಂತ ನಕ್ಕ, ನಾಯ್ಸ್ ಇಳಿದ ಮ್ಯಾಲ ತಾನೂ ಒಂದು ಮಾಡ್ಕೊಂಡ.

ಆ ಕಾಯೂ ಹೊತ್ತಿನಾಗನ ಒಂದು ಲೆಕ್ಕ ಹಾಕಿದ್ದು ಪೂರ್ತಿ ಪ್ಲಾನ್ ಬದಲು ಮಾಡ್ತು. ಪೊಟೆನ್ಶಿಯಲ್ ಸ್ಟೆಪ್ ಕೊಟ್ಟ ಕೂಡ್ಲೆ, ಅಂದ್ರ ಪೊಟೆನ್ಶಿಯಲ್ ಒಮ್ಮೆಲೆ ಬದಲಿಸಿದ ಕೂಡ್ಲೆ, ಎಲೆಕ್ಟ್ರೋಡ್‌ಗೆ ಅದು ಮುಟ್ಟಂಗಿಲ್ಲ. ದ್ರಾವಣದ ರೆಸಿಸ್ಟನ್ಸ್, ಎಲೆಕ್ಟ್ರೋಡಿನ ಡಬಲ್ ಲೇಯರ್ ಕೆಪ್ಯಾಸಿಟನ್ಸ್ (ಎಲೆಕ್ಟ್ರೋಡ್ ಮೇಲ್ಮೈ ಚಾರ್ಜ್ ಹಿಡ್ಕೊಳ್ಳೂ ಅಳತಿ), ಎರಡೂ ಗುಣಿಸಿದ್ರ ಬರೂದು ಸೆಲ್‌ನ ಟೈಮ್. 3 ಮಿಲಿಮೀಟರ್ ಡಿಸ್ಕ್, ಚದರ ಸೆಂಟಿಮೀಟರ್‌ಗೆ 20 ಮೈಕ್ರೋಫ್ಯಾರಡ್ ಹಿಡಿದ್ರ 1.4 ಮೈಕ್ರೋಫ್ಯಾರಡ್, ರೆಸಿಸ್ಟನ್ಸ್ 100 ಓಮ್ ಇದ್ರ 140 ಮೈಕ್ರೋಸೆಕೆಂಡ್, ಇದೇನ್ ಚಲೋನ ಐತಿ. ಆದ್ರ ತರಕಲು ಮಾಡಿದ ಮ್ಯಾಲ ಕೆಪ್ಯಾಸಿಟನ್ಸ್ ಎಷ್ಟೋ ಪಟ್ಟು ಏರ್ತೈತಿ, ಮತ್ತ ರಾಮನ್ ಚಲೋ ಬರಲಿ ಅಂತ ನಾವು ಎಲೆಕ್ಟ್ರೋಡನ್ನ ಕಿಟಕಿಗೆ ಒತ್ತಿ ಇಟ್ಟಿರ್ತೀವಿ, ನಡು ದ್ರಾವಣ ಕೂದಲೆಳಿಯಷ್ಟ ಪದರ, ರೆಸಿಸ್ಟನ್ಸ್ ಸಾವಿರ ಓಮ್ ದಾಟ್ತೈತಿ. ಎರಡೂ ಕೂಡಿ ಟೈಮ್ ಹಲವು ಮಿಲಿಸೆಕೆಂಡ್‌ಗೆ ಹೋಗ್ತೈತಿ. ಅಂದ್ರ ಬೆಳಕಿಗೆ ಬೇಕಾದ್ದು ತೆಳು ಪದರ, ವಿದ್ಯುತ್ತಿಗೆ ಬೇಕಾದ್ದು ದಪ್ಪ ಪದರ. ರಾಮನ್ ಬೆಳಕು ಹಿಡಿಯಾಕ ನೀವು ಎಂಥಾ ಕ್ಯಾಮೆರಾ ತಂದ್ರೂ ಸೆಲ್ ಇಷ್ಟು ನಿಧಾನ ಇದ್ರ ಕಾಣೂದು ಸೆಲ್‌ನ ಚಾರ್ಜಿಂಗ್, ರಿಯಾಕ್ಷನ್ ಅಲ್ಲ. ಭಾಳ ಮಂದಿ ಕ್ಯಾಮೆರಾ ಕೊಟೇಶನ್ ಹಿಂದ ಓಡ್ತಾರ, ನನ್ನ ಕೇಳಿದ್ರ ಮೊದ್ಲ ಇಂಪಿಡೆನ್ಸ್ ಅಳತಿ ಮಾಡಿ ರೆಸಿಸ್ಟನ್ಸ್, ಕೆಪ್ಯಾಸಿಟನ್ಸ್ ಈ ಎರಡು ನಂಬರ್ ತಗೀರಿ.

ಉಪಾಯ ಅಂದ್ರ ಎಲೆಕ್ಟ್ರೋಡ್ ಸಣ್ಣದು ಮಾಡೂದು, ಸಣ್ಣ ಆದಂಗ ಸೆಲ್ ಟೈಮ್ ಇಳೀತೈತಿ. ಅರ್ಧಾ ಮಿಲಿಮೀಟರ್ ಬೆಳ್ಳಿ ತಂತಿ ಬೇಕಾತು. ಗದಗಿನಾಗ ನಮ್ಮ ಮನಿ ಪರಿಚಯದ ಪತ್ತಾರರು ಅದಾರ, ಅವರ ಅಂಗಡಿಗೆ ಹೋದೆ. "ಕಾಲ್ಗೆಜ್ಜಿ ಬೆಳ್ಳಿ ಆಗಂಗಿಲ್ಲ ಕಾಕಾ, ಚೊಕ್ಕ ಬೆಳ್ಳಿ ಬೇಕು, ತಾಮ್ರ ಇರಬಾರದು" ಅಂದೆ. "ಚೊಕ್ಕ ಬೆಳ್ಳಿ ಮೆತ್ತಗ ಇರ್ತೈತಿ ತಂಗಿ, ದಾಗೀನಕ್ಕ ನಿಲ್ಲಂಗಿಲ್ಲ, ಏನ್ ಮಾಡ್ತಿ?" ಅಂದ್ರು. ಲೇಸರ್ ಬಿಡ್ತೀನಿ ಅಂದೆ, ಹಿಂಗ ಕನ್ನಡಕದ ಮ್ಯಾಲಿಂದ ನೋಡಿದ್ರು. 999 ಬಾರ್‌ನಿಂದ ಒಂದು ತುಂಡು ಕತ್ತರಿಸಿ, ಕಾಸಿ, ಬಡದು, ತೂತಿನ ಉಕ್ಕಿನ ಪಟ್ಟಿದಾಗ ತುದಿ ತೂರಿಸಿ ಇಕ್ಕಳಲೆ ಹಿಡದು ಎಳಿಯಾಕತ್ರು, ಒಂದು ತೂತಾತು, ಅದಕ್ಕಿಂತ ಸಣ್ಣ ತೂತು, ನಡುನಡು ತಂತಿ ಬಿರುಸು ಆತಂತ ಮತ್ತ ಬೆಂಕಿಗೆ ಹಿಡಿಯೂದು, ಮತ್ತ ಎಳಿಯೂದು. ಕಡೀ ತೂತಿನಿಂದ ಬಂದ ತಂತಿ ಮೊಳ ಉದ್ದ ಇತ್ತು, ನಯ ಅಂದ್ರ ನಯ. ಬೆಳ್ಳಿ ತೂಕದ ರೊಕ್ಕ ಅಷ್ಟ ತೊಗೊಂಡ್ರು, ಮಜೂರಿ ಬ್ಯಾಡ ಅಂದ್ರು. ಉಕ್ಕಿನ ಪಟ್ಟಿದಿಂದ ಕಬ್ಬಿಣ ತಿಕ್ಕಿರ್ತೈತಿ ಅಂತ ತೆಳು ನೈಟ್ರಿಕ್ ಆಸಿಡ್‌ನಾಗ ಒಂದ್ ಕ್ಷಣ ಅದ್ದಿ ತೊಳದು, ಗಾಜಿನ ನಳಿಗಿದಾಗ ಎಪಾಕ್ಸಿ ಹಾಕಿ ಕುಂದರಿಸಿ, ತುದಿ ತಿಕ್ಕಿ ಡಿಸ್ಕ್ ಮಾಡಿದೆ. ವೋಲ್ಟಾಮೊಗ್ರಾಮ್ ನೋಡಿದ್ರ ತಾಮ್ರದ ಪೀಕ್ ಇಲ್ಲ, ಅಂಗಡಿ ಎಲೆಕ್ಟ್ರೋಡ್‌ದಂಥಾದ ಕರ್ವ್.

ಎರಡನೇ ಸ್ಲಾಟ್ ಒಮ್ಮೆ ಕ್ಯಾನ್ಸಲ್ ಆತು, ಮೆಸೇಜ್ ಬಂದಾಗ ಟ್ರೇನ್ ತುಮಕೂರು ದಾಟಿತ್ತು. ಮಶೀನ್ ಸರ್ವಿಸ್ ಅಂತ. ಹೊಳ್ಳಿ ಬಂದೆ, ಸ್ಲೀಪರ್ ಟಿಕೆಟ್ ರೊಕ್ಕ ಯಾರೂ ಕೊಡಂಗಿಲ್ಲ. ಹೊಂಡೂ ಹಿಂದಿನ ದಿನ ಸಂಜಿಗೆ ಫೋನ್ ಮಾಡಿ ಮಶೀನ್ ಆನ್ ಐತೇನ್ರಿ ಅಂತ ಕೇಳ್ರಿ, ಈಮೇಲ್ ನಂಬಬ್ಯಾಡ್ರಿ.

ಮುಂದಿನ ಸಲ ಹೋದಾಗ ಟ್ರಿಗರ್ ಜಗಳ. ಪೊಟೆನ್ಶಿಯೊಸ್ಟಾಟ್ ಸ್ಟೆಪ್ ಕೊಟ್ಟ ಹೊತ್ತಿಗೆ ಕ್ಯಾಮೆರಾ ಶುರು ಆಗಬೇಕು. ಬಿಎನ್‌ಸಿ ಕೇಬಲ್ ಹಚ್ಚಿ ಆಸಿಲೋಸ್ಕೋಪ್‌ನಾಗ ನೋಡಿದ್ರ ಎರಡರ ನಡುವಿನ ಅಂತರ ಒಂದೊಂದು ಸಲ ಒಂದೊಂದು ನಮೂನಿ. ಕ್ಯಾಮೆರಾ ಸುಮ್ನ ಇದ್ದಾಗ ತನ್ನ ಪಿಕ್ಸೆಲ್ ಮ್ಯಾಲ ಕೂಡಿದ ಚಾರ್ಜ್ ಖಾಲಿ ಮಾಡ್ಕೊಂತನ ಇರ್ತೈತಿ, ಟ್ರಿಗರ್ ಬಂದಾಗ ಆ ಸುತ್ತು ಮುಗಿಸಿ ಆಮ್ಯಾಲೆ ಶುರು ಮಾಡ್ತೈತಿ. ಇದರ ಮ್ಯಾಲ ಮೆಕ್ಯಾನಿಕಲ್ ಶಟರ್ ತಗಿಯಾಕ ಹಲವು ಮಿಲಿಸೆಕೆಂಡ್. ಕಂಪನಿ ಎಂಜಿನಿಯರ್‌ಗೆ ಫೋನ್ ಹಚ್ಚಿದ್ರ ಬ್ಯಾರೆ ಕ್ಯಾಮೆರಾ ತೊಗೋರಿ ಅಂದ, ಲಕ್ಷಗಟ್ಲೆ ರೊಕ್ಕದ ಮಾತು.

ಆವಾಗ ಅದ ಆಪರೇಟರ್ ಸರ್, ಟಿಶ್ಯೂ ಸರ್, ಹಿಂದ ಬಗ್ಗಿ ನೋಡಿ ಅಂದ್ರು, "ಈ 638 ನ್ಯಾನೊಮೀಟರ್ ಡಯೋಡ್ ಲೇಸರ್‌ಗೆ ಹಿಂದೆ ಮಾಡ್ಯುಲೇಶನ್ ಇನ್‌ಪುಟ್ ಇದೆ ನೋಡಮ್ಮ, ಯಾರೂ ಯೂಸ್ ಮಾಡಿಲ್ಲ." ಅಂದ್ರ ಹೊರಗಿನ ಸಿಗ್ನಲ್ ಕೊಟ್ಟು ಲೇಸರ್ ಹಚ್ಚಿ ಆರಿಸಬಹುದು. ನಂಗ ಕುರ್ಚಿಮ್ಯಾಲಿಂದ ಎದ್ದು ಕುಣಿಬೇಕು ಅನಿಸ್ತು. ಕ್ಯಾಮೆರಾ ಲಗೂ ಓಡೂ ಅಗತ್ಯನ ಇಲ್ಲ, ಲೇಸರ್ ಲಗೂ ಮಿಂಚಿದ್ರ ಸಾಕು. ಕ್ಯಾಮೆರಾದ ಶಟರ್ ತಗದ ಇಡೂದು, ನೈಲ್ ಬ್ಲೂಕ್ಕ ಸ್ಟೆಪ್ ಕೊಡೂದು, ಸ್ಟೆಪ್ ಆದ 1 ಮಿಲಿಸೆಕೆಂಡ್‌ಗೆ ಲೇಸರ್ 0.2 ಮಿಲಿಸೆಕೆಂಡ್ ಅಷ್ಟ ಹತ್ತಿ ಆರೂದು, ಹೊಳ್ಳಿ ಪೊಟೆನ್ಶಿಯಲ್ ಹಿಂದ ತಂದು ಡೈ ನೀಲಿ ಮಾಡೂದು, ಮತ್ತ ಸ್ಟೆಪ್. ಹಿಂಗ ನೂರಾರು ಸಲ, ಬೆಳಕೆಲ್ಲಾ ಕ್ಯಾಮೆರಾದಾಗ ಕೂಡ್ತ ಹೋಗ್ತೈತಿ, ಕಡೀಕ ಒಮ್ಮೆ ಓದೂದು. ಒಂದು ಸ್ಪೆಕ್ಟ್ರಮ್ ಬಂತು, ಅದು 1 ಮಿಲಿಸೆಕೆಂಡಿನ ಚಿತ್ರ. ಆಮ್ಯಾಲೆ ಡಿಲೇ ಬದಲಿಸಿ ಮುಂದಿನದು. ಹೋಗಿ ಬಂದು ಮಾಡೂ ರಿಯಾಕ್ಷನ್ ಇದ್ರ ಮಾತ್ರ ಇದು ನಡೀತೈತಿ, ನೈಟ್ರೋಕ್ಕ ನಡಿಯಂಗಿಲ್ಲ. ಪಲ್ಸ್ ಕೊಡಾಕ ಕಾಲೇಜ್ ಹುಡುಗರು ಪ್ರಾಜೆಕ್ಟ್‌ಗೆ ಹಚ್ಚೂ ಮೈಕ್ರೋಕಂಟ್ರೋಲರ್ ಬೋರ್ಡ್ ಸಾಕಾತು. ಬೋರ್ಡ್ 3.3 ವೋಲ್ಟ್ ಕೊಡ್ತೈತೋ 5 ಕೊಡ್ತೈತೋ, ಲೇಸರ್ ಎಷ್ಟು ಕೇಳ್ತೈತಿ ಅಂತ ಮ್ಯಾನ್ಯುಯಲ್ ನೋಡಿ ಆಮ್ಯಾಲೆ ಕೇಬಲ್ ಹಚ್ರಿ, ಅದು ಸೆಂಟರ್‌ನ ಲೇಸರ್, ನಿಮ್ಮದಲ್ಲ.

ಮೊದ್ಲ 3 ಮಿಲಿಮೀಟರ್ ಡಿಸ್ಕ್ ಹಾಕಿ ನೋಡಿದ್ವಿ, 592ರ ಪೀಕ್ ಇಳಿಯೂ ಕರ್ವ್ ಸೆಲ್ ಟೈಮ್ ಮ್ಯಾಲ ಬರೋಬ್ಬರಿ ಕುಂತಿತು, ಅಂದ್ರ ನೋಡಿದ್ದು ಸೆಲ್ಲನ್ನ. ಪತ್ತಾರರ ತಂತಿ ಹಾಕಿ, ಕಿಟಕಿಯಿಂದ ಸ್ವಲ್ಪ ದೂರ ಇಟ್ಟ ಮ್ಯಾಲ ಸೆಲ್ ಟೈಮ್ ಮಿಲಿಸೆಕೆಂಡ್‌ಗಿಂತ ಎಷ್ಟೋ ಕೆಳಗ ಇಳೀತು, ಪೀಕಿನ ಕರ್ವೂ ಇಳೀತು, ಆದ್ರ ಅಷ್ಟು ಇಳೀಲಿಲ್ಲ, ಹಿಂದ ಉಳೀತು. ಆ ಹಿಂದ ಉಳದದ್ದ ನಮಗ ಬೇಕಾದ್ದು. ಖಾತ್ರಿ ಮಾಡ್ಕೊಳ್ಳಾಕ ಲೇಸರ್ ಪವರ್ ಅರ್ಧಾ ಮಾಡಿದೆ, ಕರ್ವ್ ಬದಲಾಗ್ಲಿಲ್ಲ. ಪಿಎಚ್ ಬದಲಿಸಿದೆ, ಬದಲಾತು. ನೈಲ್ ಬ್ಲೂ ಎಲೆಕ್ಟ್ರಾನ್ ಜೋಡಿ ಪ್ರೋಟಾನೂ ತೊಗೊಂತೈತಿ, ಅದಕ್ಕ ಪಿಎಚ್‌ಗೆ ಅಲುಗಾಡಬೇಕಾದ್ದನ, ಸೆಲ್‌ನ ಟೈಮ್ ಆಗಿದ್ರ ಪಿಎಚ್‌ಗೆ ಹಂಗ ಬದಲಾಗ್ತಿದ್ದಿಲ್ಲ. ಸಂಜಿ ಏಳಕ್ಕ ಕ್ಯಾಂಟೀನ್ ಮುಚ್ಚಿತ್ತು, ಗೇಟ್ ಹೊರಗ ಚಾ ಕುಡಿಯೂ ಮುಂದ ಸರ್‌ಗೆ ಫೋನ್ ಮಾಡಿದೆ, ಮಾತ ಬರವಲ್ದು.

ಕಡೀಕ ಒಂದೆರಡು ಸಣ್ಣ ಮಾತು. ದ್ರಾವಣದಾಗ ಸ್ವಲ್ಪ ಪರ್ಕ್ಲೊರೇಟ್ ಹಾಕಿರ್ರಿ, ಅದರ 934ರ ಪೀಕ್ ಪೊಟೆನ್ಶಿಯಲ್‌ಗೆ ಅಲುಗಾಡಂಗಿಲ್ಲ, ದಿನದ ನಡು ಫೋಕಸ್ ಜಾರಿತೋ ಇಲ್ಲೋ ಅಂತ ಅದನ್ನ ನೋಡಿ ಹೇಳಬಹುದು. ಒಂದ ಒಂದು ಸ್ಪೆಕ್ಟ್ರಮ್‌ನಾಗ ಸೂಜಿ ಹಂಗ ಎದ್ದ ಪೀಕ್ ಬಂದ್ರ ಖುಷಿ ಪಡಬ್ಯಾಡ್ರಿ, ಕಾಸ್ಮಿಕ್ ರೇ ಬಡದಿರ್ತೈತಿ. ಡೇಟಾ ಮಶೀನ್‌ನ ಸ್ವಂತ ಫಾರ್ಮ್ಯಾಟ್‌ನಾಗ ಮಾತ್ರ ಅಲ್ಲ, ಟೆಕ್ಸ್ಟ್ ಫೈಲ್ ಆಗೂ ಅಲ್ಲೇ ಎಕ್ಸ್‌ಪೋರ್ಟ್ ಮಾಡಿಸ್ಕೊಂಡು ಬರ್ರಿ, ಆ ಸಾಫ್ಟ್‌ವೇರ್ ಲೈಸನ್ಸ್ ನಿಮ್ಮ ಊರಾಗ ಸಿಗಂಗಿಲ್ಲ, ಮತ್ತ ಪೆನ್‌ಡ್ರೈವ್ ಬಿಡಂಗಿಲ್ಲ ಅಂತ ಭಾಳ ಸೆಂಟರ್‌ನಾಗ ರೂಲ್ ಐತಿ, ಹೊಸಾ ಸಿಡಿ ಒಂದೆರಡು ಬ್ಯಾಗ್‌ನಾಗ ಇರಲಿ. ಟೆಫ್ಲಾನ್ ಸೆಲ್‌ನ ಡ್ರಾಯಿಂಗ್ ಬೇಕಾದವ್ರು ಕೇಳ್ರಿ, ಅಳತಿ ಎಲ್ಲಾ ಬರದು ಕಳಸ್ತೀನಿ, ಓ-ರಿಂಗ್ ಮಾತ್ರ ಸ್ಪೇರ್ ಜಾಸ್ತಿ ತೊಗೋರಿ.